ಮೇಲಿನ ಮನೆಯ ಸದ್ದು

ತಂಡದವರು ಅವಳಿಗೆ ಇಟ್ಟ ಹೆಸರು ಬೆಕ್ಕು. ನಾಯಕ ಮಾತ್ರ ವಯಸ್ಸಿಗೆ ಮರ್ಯಾದೆ ಕೊಟ್ಟು ಬೆಕ್ಕಕ್ಕ ಎನ್ನುತ್ತಿದ್ದ. ಅವನಿಗೂ ಉಳಿದ ಮೂವರಿಗೂ ಇಪ್ಪತ್ತರ ಆಚೀಚೆ ವಯಸ್ಸು; ಅವಳಿಗೆ ಮೂವತ್ತನಾಲ್ಕು.

ಹದಿಮೂರು ವರ್ಷ ಅವಳು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ದುಡಿದಿದ್ದಳು. ಡಾಕ್ಟರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಕೊನೆಗೆ ಸಣ್ಣ ಚಕ್ರಕ್ಕೆ ಹಿಡಿದು ಉಜ್ಜುವುದು ಅವಳ ಕೆಲಸ. ಚಕ್ರದ ಕೀರಲು ಸದ್ದು ಕೇಳಿಯೇ ಎಲ್ಲಿ ಉಬ್ಬಿದೆ, ಎಲ್ಲಿ ತೆಳುವಾಗಿದೆ ಎಂದು ಹೇಳಬಲ್ಲವಳಾಗಿದ್ದಳು. ನಾಲ್ಕು ತಿಂಗಳ ಹಿಂದೆ ಲ್ಯಾಬಿಗೆ ಒಂದು ಯಂತ್ರ ಬಂತು. ಕಂಪ್ಯೂಟರಿನಲ್ಲಿ ಬಿಡಿಸಿದ ಹಲ್ಲನ್ನು ಅದು ತಾನೇ ಕೊರೆದು ಕೊಡುತ್ತಿತ್ತು. ಏಳು ಜನರಲ್ಲಿ ಇಬ್ಬರು ಉಳಿದರು. ಆ ಇಬ್ಬರಲ್ಲಿ ಅವಳಿರಲಿಲ್ಲ.

ಆಮೇಲೆ ಎರಡು ತಿಂಗಳು ಬೇರೆ ಲ್ಯಾಬುಗಳ ಬಾಗಿಲು ತಟ್ಟಿದಳು. ಎಲ್ಲ ಕಡೆ ಅದೇ ಯಂತ್ರ. ಬೇಸರ ಕಳೆಯಲು ಆಡುತ್ತಿದ್ದ ಶೂಟಿಂಗ್ ಆಟವೇ ಕೊನೆಗೆ ಅವಳ ಪಾಲಿಗೆ ಉಳಿದ ಒಂದೇ ದಾರಿಯಾಯಿತು. ಒಂದು ಕಂಪನಿ ಆನ್‌ಲೈನ್ ಪಂದ್ಯಾವಳಿ ನಡೆಸುತ್ತಿತ್ತು. ಫೈನಲ್ ತಲುಪಿದ ಎರಡೂ ತಂಡಗಳನ್ನು ಒಂದು ವರ್ಷದ ಮಟ್ಟಿಗೆ ಸಂಬಳದ ಮೇಲೆ ಇಟ್ಟುಕೊಳ್ಳುತ್ತಿತ್ತು. ಇವಳ ತಂಡ ಸೆಮಿಫೈನಲ್‌ವರೆಗೆ ಬಂದಿತ್ತು.

ಈ ಆಟ ನೋಡದವರಿಗೆ ಇಷ್ಟು ಹೇಳಿದರೆ ಸಾಕು. ಐದೈದು ಜನರ ಎರಡು ತಂಡ. ಒಂದು ತಂಡ ಬಾಂಬ್ ಇಡಬೇಕು, ಇನ್ನೊಂದು ತಡೆಯಬೇಕು. ಗುಂಡು ತಗುಲಿದವನು ಆ ರೌಂಡಿನ ಮಟ್ಟಿಗೆ ಸತ್ತಂತೆ. ಹದಿಮೂರು ರೌಂಡು ಮೊದಲು ಗೆದ್ದವರದು ಆಟ. ಗೋಡೆಯಾಚೆ ಯಾರಿದ್ದಾರೆಂದು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಗೊತ್ತಾಗಬೇಕು. ಓಡಿದರೆ ಹೆಜ್ಜೆ ಕೇಳುತ್ತದೆ. ಮರದ ಹಲಗೆಯ ಮೇಲೆ ಒಂದು ಸದ್ದು, ಜಲ್ಲಿಯ ಮೇಲೆ ಒಂದು, ಕಬ್ಬಿಣದ ಏಣಿಯ ಮೇಲೆ ಇನ್ನೊಂದು. ಎಡಗಿವಿಗೆ ಜೋರಾಗಿ ಕೇಳಿದರೆ ಎದುರಾಳಿ ಎಡಕ್ಕಿದ್ದಾನೆ. ಮೆಲ್ಲನೆ ನಡೆದರೆ ಸದ್ದಾಗುವುದಿಲ್ಲ, ಆದರೆ ಹೊತ್ತು ಹೋಗುತ್ತದೆ. ಒಂದೇ ಒಂದು ಅವಸರದ ಹೆಜ್ಜೆಗೆ ಎಷ್ಟೋ ರೌಂಡು ಮಣ್ಣುಪಾಲಾಗುತ್ತವೆ.

ಬೆಕ್ಕು ಅವಸರ ಮಾಡುತ್ತಿರಲಿಲ್ಲ. ಗುರಿ ಅಷ್ಟಕ್ಕಷ್ಟೆ, ಕೈಯ ಚುರುಕು ಹುಡುಗರಷ್ಟಿಲ್ಲ. ಆದರೆ ಒಂದು ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂತು, "ಇಬ್ಬರು ಏಣಿ ಹತ್ತಿದ್ರು, ಒಬ್ಬ ಜಲ್ಲಿ ಮೇಲೆ ನಿಂತಿದಾನೆ" ಎಂದು ಅವಳು ಹೇಳಿದರೆ ಅದು ಸುಳ್ಳಾಗುತ್ತಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಅಕ್ಕ ಲಾಂಡ್ರಿಯ ಕೆಲಸಕ್ಕೆ ಹೊರಡುತ್ತಾ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಳು.

"ಇವತ್ತು ಗೆದ್ರೆ ನೌಕರಿ, ಅಲ್ವಾ?"

"ಹೂಂ."

"ಸೋತ್ರೆ?"

ತಂಗಿ ಹೆಡ್‌ಫೋನಿನ ತಂತಿಯ ಗಂಟು ಬಿಡಿಸತೊಡಗಿದಳು.

"ಸೋತ್ರೆ ನಾಳೆಯಿಂದ ನನ್ ಜೊತೆ ಇಸ್ತ್ರಿಗೆ ಬಾ. ಅವಮಾನ ಏನಿಲ್ಲ ಕಣೇ. ನಾನು ಬದುಕಿಲ್ವಾ?" ಎಂದು ಅಕ್ಕ ಮೆಟ್ಟಿಲಿಳಿದು ಹೋದಳು. ಅಕ್ಕನ ಮುಂಗೈ ತುಂಬಾ ಹಬೆ ಸುಟ್ಟ ಕಲೆಗಳಿದ್ದವು.

ಪಂದ್ಯ ಮಧ್ಯಾಹ್ನ ಎರಡಕ್ಕೆ. ಶುರುವಿನಿಂದಲೇ ಎಲ್ಲವೂ ಎಡವಟ್ಟಾಯಿತು. ಎದುರು ತಂಡದ ನಾಯಕ ಸುತ್ತಿಗೆ ಎಂಬ ಹೆಸರಿನವನು. ಇವರ ಒಂದೊಂದು ಹೆಜ್ಜೆಯನ್ನೂ ಕೇಳಿಸಿಕೊಂಡು ಕಾದು ಹೊಡೆಯುತ್ತಿದ್ದ. ಅರ್ಧ ಆಟ ಮುಗಿದಾಗ ಇವರಿಗೆ ನಾಲ್ಕು, ಅವರಿಗೆ ಎಂಟು.

ಅರ್ಧಕ್ಕೆ ಐದು ನಿಮಿಷ ಬಿಡುವು. ಹೆಡ್‌ಫೋನ್ ತೆಗೆದು ಮುಖ ಒರೆಸಿಕೊಳ್ಳುವಾಗ ಅವಳಿಗೆ ಛಾವಣಿಯ ಕಡೆಯಿಂದ ಒಂದು ಗಂಡಸಿನ ದನಿ ಸಣ್ಣಗೆ ಕೇಳಿಸಿತು.

"ಬೆಕ್ಕು ಅನ್ನೋಳು ಪ್ರತಿ ಸಲ ನೀರಿನ ಟ್ಯಾಂಕ್ ಹತ್ರಾನೇ ಕೂರ್ತಾಳೆ. ಮೊದಲು ಅವಳನ್ನ ಮುಗಿಸಿ."

ಮೇಲಿನ ಮನೆಯಲ್ಲಿ ಇದ್ದವರು ಅಪ್ಪ ಮಗ ಇಬ್ಬರೇ. ಅಪ್ಪ ನಿವೃತ್ತ ಡ್ರಾಯಿಂಗ್ ಮಾಸ್ತರು, ಎಂಬತ್ತರ ಹತ್ತಿರ, ವಾಕರ್ ಹಿಡಿದು ಓಡಾಡುತ್ತಿದ್ದರು. ಮಗ ಲಿಫ್ಟ್ ಮೆಕ್ಯಾನಿಕ್. ಲಿಫ್ಟೇ ಇಲ್ಲದ ಕಟ್ಟಡದಲ್ಲಿ ಲಿಫ್ಟ್ ಮೆಕ್ಯಾನಿಕ್ ಇದ್ದಾನೆಂದು ಅಕ್ಕ ನಗುತ್ತಿದ್ದಳು. ಮೆಟ್ಟಿಲಲ್ಲಿ ಎದುರಾದರೆ ಒಂದು ನಮಸ್ಕಾರ, ಅಷ್ಟೇ ಪರಿಚಯ. ಅವನು ಆಟ ಆಡುತ್ತಾನೆಂದೇ ಅವಳಿಗೆ ಗೊತ್ತಿರಲಿಲ್ಲ. ಅವನೇ ಸುತ್ತಿಗೆ ಎಂದು ಆ ಕ್ಷಣಕ್ಕೆ ತಿಳಿಯಿತು.

ಅವಳ ಕೋಣೆಯ ಮೂಲೆಯಲ್ಲಿ, ಛಾವಣಿಗೆ ತಾಗಿ, ಒಂದು ಗಾಳಿಕಿಂಡಿ ಇತ್ತು. ಹಳೆಯ ಕಟ್ಟಡವಾದ್ದರಿಂದ ಕೆಳಗಿನ ಮನೆಗೂ ಮೇಲಿನ ಮನೆಗೂ ಗಾಳಿಯಾಡಲು ಗೋಡೆಯೊಳಗೆ ಒಂದೇ ಗೂಡು. ಸೊಳ್ಳೆ ಬರುತ್ತವೆಂದು ಅಕ್ಕ ಅದಕ್ಕೆ ಹಳೆ ಟವೆಲ್ಲು ತುರುಕಿದ್ದಳು. ಟವೆಲ್ಲು ದಾಟಿ ಬಂದ ದನಿಯೇ ಇಷ್ಟು ಸ್ಪಷ್ಟವಾಗಿದ್ದರೆ...

ತೀರ್ಪುಗಾರರಿಗೆ ತಿಳಿಸಬೇಕಿತ್ತು. ಅದು ಅವಳಿಗೂ ಗೊತ್ತಿತ್ತು. ಅಕ್ಕನ ಮುಂಗೈ ಕಣ್ಣ ಮುಂದೆ ಬಂತು. ಕುರ್ಚಿ ಎಳೆದು, ಹತ್ತಿ, ಟವೆಲ್ಲು ಕಿತ್ತು ನೆಲಕ್ಕೆ ಎಸೆದಳು. ಕೂತು ಹೆಡ್‌ಫೋನ್ ಹಾಕಿಕೊಂಡಾಗ ಎಡಗಿವಿಯ ಕಡೆಯದನ್ನು ಎರಡು ಬೆರಳಿನಷ್ಟು ಹಿಂದಕ್ಕೆ ಸರಿಸಿದಳು.

ಹೆಡ್‌ಫೋನ್ ಹಾಕಿಕೊಂಡವರಿಗೆ ತಾವು ಎಷ್ಟು ಜೋರಾಗಿ ಮಾತಾಡುತ್ತೇವೆಂದು ತಿಳಿಯುವುದಿಲ್ಲ. "ನಾನು ಗೋದಾಮಿನ ಹಿಂದೆ," ಎಂದು ಮೇಲಿನಿಂದ ಕೇಳುತ್ತಿತ್ತು. "ಇಬ್ಬರು ಏಣಿ ಕಡೆ ಬನ್ನಿ, ಓಡಬೇಡಿ." ಅವಳು ಅದನ್ನೇ ತನ್ನವರಿಗೆ ಪಿಸುಗುಟ್ಟಿದಳು.

"ಬೆಕ್ಕಕ್ಕ, ಹೆಜ್ಜೆನೇ ಇಲ್ವಲ್ಲ, ನಿಂಗೆ ಹೇಗೆ ಗೊತ್ತಾಗತ್ತೆ?" ಎಂದ ನಾಯಕ, ಮೂರನೇ ರೌಂಡು ಗೆದ್ದ ಖುಷಿಯಲ್ಲಿ.

"ಕೇಳತ್ತೆ," ಎಂದಳು.

ಒಂಬತ್ತು ರೌಂಡಿನಲ್ಲಿ ಆರು ಇವರ ಪಾಲಾದವು. ಹತ್ತು, ಹನ್ನೊಂದು. ಇನ್ನೊಂದೇ ರೌಂಡು ಹಿಂದೆ.

ಇಪ್ಪತ್ತೆರಡನೇ ರೌಂಡು ಶುರುವಾಗಿ ಇಪ್ಪತ್ತು ಸೆಕೆಂಡು ಕಳೆದಿರಬಹುದು. ಮೇಲೆ ಧಡ್ ಎಂದು ಏನೋ ಬಿತ್ತು. ಆ ಹಿಂದೆಯೇ ಅಲ್ಯೂಮಿನಿಯಮ್ಮಿನದೇನೋ ಕಲ್ಲಿನ ನೆಲಕ್ಕೆ ಬಡಿದು ಉರುಳಿದ ಸದ್ದು. ವಾಕರ್. ದಿನವೂ ಬೆಳಿಗ್ಗೆ ಕೇಳುವ ಸದ್ದು ಅದು, ಬೇರೆಯದಲ್ಲ.

ಚೀಲ ಬಿದ್ದಿರಬಹುದು ಎಂದುಕೊಂಡಳು. ಮಗ ಮನೆಯಲ್ಲೇ ಇದ್ದಾನಲ್ಲ ಎಂದುಕೊಂಡಳು. ಮೇಲಿನಿಂದ ಮಗನ ದನಿ ಮೊದಲಿನಂತೆಯೇ ಕೇಳುತ್ತಿತ್ತು. "ಬಾಂಬ್ ನನ್ ಹತ್ರ ಇದೆ. ಟ್ಯಾಂಕ್ ಬಿಟ್ಟು ಹಿಂಬಾಗಿಲಿಗೆ ಹೋಗ್ತಿದೀನಿ."

ಅದರ ಕೆಳಗೆ, ಗೂಡಿನ ಇನ್ನೊಂದು ಬದಿಯಿಂದ, ಅಡುಗೆಮನೆ ಕಡೆಯಿಂದ ಇರಬೇಕು, ಮುದಿ ದನಿಯೊಂದು ಬಂತು.

"ಮಗಾ..."

ಕೊಂಚ ಹೊತ್ತು ಬಿಟ್ಟು ಮತ್ತೆ, "ಮಗಾ..."

"ಹಿಂಬಾಗಿಲು," ಎಂದು ಅವಳು ತನ್ನವರಿಗೆ ಪಿಸುಗುಟ್ಟಿದಳು. "ಬಾಂಬ್ ಅವನ ಹತ್ರಾನೇ ಇದೆ." ಮೂವರು ಹಿಂಬಾಗಿಲಿಗೆ ನುಗ್ಗಿ ಸುತ್ತಿಗೆಯನ್ನು ಹೊಡೆದುರುಳಿಸಿದರು; ಬಾಂಬ್ ಇಡಲಾಗದೆ ರೌಂಡು ಇವರದಾಯಿತು. ಹನ್ನೊಂದು, ಹನ್ನೊಂದು. ಹುಡುಗರು ಕಿರುಚಿಕೊಂಡರು. ಒಬ್ಬನಂತೂ ಅಳುವ ಹಾಗೆ ನಕ್ಕ.

ಅವಳು ಹೆಡ್‌ಫೋನ್ ಪೂರ್ತಿ ತೆಗೆದಳು. ಈಗ ಕೂಗು ಇರಲಿಲ್ಲ. ನೆಲಕ್ಕೆ ಏನನ್ನೋ ಬಡಿಯುವ ಸದ್ದು. ಟಕ್. ತುಂಬಾ ಹೊತ್ತಿನ ಮೇಲೆ ಇನ್ನೊಂದು ಟಕ್. ಬಡಿಯುವ ಕೈಗೆ ಬಲ ಇರಲಿಲ್ಲ.

ಅವಳು ಎದ್ದು ಓಡಿದಳು.

ಮೆಟ್ಟಿಲು ಎರಡೆರಡು ಹಾರಿ ಮೇಲಿನ ಮನೆ ಮುಟ್ಟಿದಳು. ಹೊರಗೆ ಕಬ್ಬಿಣದ ಸರಳಿನ ಗೇಟು, ಒಳಗೆ ಮರದ ಬಾಗಿಲು, ಎರಡಕ್ಕೂ ಒಳಗಿನಿಂದ ಚಿಲಕ. ಬೆಲ್ ಒತ್ತಿದಳು. ಒಳಗೆ ಟ್ರಿಣ್ ಎಂದದ್ದು ಹೊರಗೂ ಕೇಳಿತು. ಗೇಟು ಹಿಡಿದು ಅಲ್ಲಾಡಿಸಿದಳು, ಬಡಿದಳು, ಕೂಗಿದಳು.

"ರೀ! ಬಾಗಿಲು ತೆಗೀರಿ! ನಿಮ್ ತಂದೆ ಬಿದ್ದಿದಾರೆ!"

ಒಳಗಿನಿಂದ, "ಬೆಕ್ಕು ಎಲ್ಲೂ ಕಾಣ್ತಿಲ್ಲ, ಹುಷಾರು," ಎಂಬ ಮಾತು ಬಂತು.

ಎದುರು ಮನೆಗೆ ಬೀಗ. ಕೆಳಗೆ ತನ್ನ ಪಕ್ಕದ ಮನೆಯ ಮುದುಕಿಗೆ ಕಿವಿ ಮಂದ. ಇವನ ಫೋನ್ ನಂಬರು ಅವಳ ಬಳಿ ಇಲ್ಲ. ಮೂರು ವರ್ಷ ತಲೆಯ ಮೇಲೆ ಬದುಕಿದವರ ನಂಬರು ಇಲ್ಲ. ಅಲ್ಲಿಂದಲೇ ಆಂಬ್ಯುಲೆನ್ಸಿಗೆ ಫೋನ್ ಮಾಡಿದಳು. ವಿಳಾಸ ಹೇಳಿದಳು. ಇಪ್ಪತ್ತು ನಿಮಿಷ ಎಂದರು. ಬಾಗಿಲು ತೆರೆಸಿಡಿ ಎಂದರು.

ಗೇಟನ್ನು ಒದ್ದಳು. ಕಾಲಿಗೇ ನೋವಾಯಿತು, ಗೇಟಿಗೆ ಏನೂ ಆಗಲಿಲ್ಲ. ಒಳಗೆ ಟಕ್ ಎಂಬ ಸದ್ದು ನಿಂತಿತ್ತು.

ಮತ್ತೆ ಕೆಳಗೆ ಓಡಿದಳು. ಪೊರಕೆ ಹಿಡಿದು ಕುರ್ಚಿ ಹತ್ತಿ, ಮಗನ ಕೋಣೆ ಎಲ್ಲಿರಬಹುದೆಂದು ಅಂದಾಜು ಮಾಡಿ, ಕೋಲಿನ ತುದಿಯಿಂದ ಛಾವಣಿಗೆ ದಬದಬ ಗುದ್ದಿದಳು. ಸುಣ್ಣ ಉದುರಿ ಕಣ್ಣಿಗೆ ಬಿತ್ತು. ಕಿಂಡಿಗೆ ಬಾಯಿ ಹಚ್ಚಿ ಗಂಟಲು ಹರಿಯುವಂತೆ ಕೂಗಿದಳು. ಮತ್ತೆ ಗುದ್ದಿದಳು. ಮಗನ ದನಿ ಬಂತು.

"ಒಂದ್ನಿಮಿಷ, ಕೆಳಗಿನ ಮನೇಲಿ ಅದೇನೋ ಮೊಳೆ ಹೊಡೀತಿದಾರೆ. ಭಾನುವಾರಾನೂ ಬಿಡಲ್ಲ ಜನ. ನಾನು ಹೆಡ್‌ಫೋನ್ ಬಿಗಿ ಮಾಡ್ಕೋತೀನಿ ಇರಿ."

ಅವಳಿಗೆ ಅಳು ಬಂತು. ಪೊರಕೆ ಕೈಜಾರಿ ಬಿತ್ತು. ಹೆಡ್‌ಫೋನಿನಿಂದ ಹುಡುಗರ ದನಿ ಇರುವೆ ಸಾಲಿನಂತೆ ಹರಿದು ಬರುತ್ತಿತ್ತು. ಅವಳಿಲ್ಲದೆ ಆಡಿದ ರೌಂಡು ಸೋತಿದ್ದರು. ಹನ್ನೊಂದು, ಹನ್ನೆರಡು. ಇನ್ನೊಂದು ಸೋತರೆ ಎಲ್ಲ ಮುಗಿಯಿತು.

"ಬೆಕ್ಕಕ್ಕ! ಎಲ್ಲಿ ಸತ್ತೆ? ನೆಟ್ ಹೋಯ್ತಾ? ಏನಾದ್ರೂ ಹೇಳೇ!"

ಅವನನ್ನು ಮುಟ್ಟುವ ದಾರಿ ಒಂದೇ ಉಳಿದಿತ್ತು. ತೆರೆಯ ಕೆಳಗೆ ಒಂದು ಸಾಲಿನ ಜಾಗವಿದೆ. ಅಲ್ಲಿ ಬರೆದದ್ದು ಹತ್ತೂ ಆಟಗಾರರಿಗೆ, ತೀರ್ಪುಗಾರರಿಗೆ ಕಾಣುತ್ತದೆ. ಪಂದ್ಯದ ನಡುವೆ ಎದುರಾಳಿಗೆ ಬರೆಯುವಂತಿಲ್ಲ. ಅವಳು ಬರೆದಳು.

"ಸುತ್ತಿಗೆ, ನಿಮ್ಮ ತಂದೆ ಬಿದ್ದಿದ್ದಾರೆ. ಹೆಡ್‌ಫೋನ್ ತೆಗೆದು ಕೇಳಿ."

ಆಮೇಲೆ ಎದುರು ತಂಡದ ಯಾರೋ ನಗುವ ಮುಖ ಹಾಕಿದರು. ಇನ್ನೊಬ್ಬ, "ಹೆಡ್‌ಫೋನ್ ತೆಗೀಬೇಕಂತೆ! ಬಂದೂಕೂ ಕೆಳಗಿಡ್ಲಾ?" ಎಂದು ಬರೆದ. ಸುತ್ತಿಗೆ ಬರೆದದ್ದು ಮೂರೇ ಪದ: "ಹಳೇ ಆಟ ಬಿಡಿ."

ತಪ್ಪೇನು? ಎದುರಾಳಿಯ ಕಿವಿ ಕಿತ್ತುಕೊಂಡರೆ ಅರ್ಧ ಗೆದ್ದ ಹಾಗೆ. ಅವನ ಜಾಗದಲ್ಲಿ ಅವಳಿದ್ದರೂ ನಂಬುತ್ತಿರಲಿಲ್ಲ.

ತೀರ್ಪುಗಾರರ ಸಾಲು ಕೆಂಪಕ್ಷರದಲ್ಲಿ ಬಂತು. "ಬೆಕ್ಕು, ಎದುರಾಳಿಗೆ ಬರೆಯುವುದು ನಿಷಿದ್ಧ. ಇದು ಎಚ್ಚರಿಕೆ. ಮತ್ತೆ ಬರೆದರೆ ತಂಡವನ್ನು ಹೊರಗಿಡಲಾಗುವುದು."

"ಏನ್ ಮಾಡ್ತಿದೀಯ ನೀನು?" ನಾಯಕ ಕೂಗಿದ. "ಅಕ್ಕ, ದಮ್ಮಯ್ಯ, ನಿಲ್ಲಿಸು. ಇನ್ನೆರಡು ರೌಂಡು. ನಮ್ಮನ್ನ ಮುಳುಗಿಸಬೇಡ."

ಅವಳು ಮತ್ತೆ ಬರೆಯತೊಡಗಿದಳು. ಅಕ್ಷರ ತಪ್ಪುತ್ತಿತ್ತು, ಅಳಿಸಿ ಬರೆಯುತ್ತಿದ್ದಳು.

"ನಾನು ನಿಮ್ಮ ಕೆಳಗಿನ ಮನೆಯವಳು. ಗಾಳಿಕಿಂಡಿಯಿಂದ ನೀವು ಮಾತಾಡೋದೆಲ್ಲ ನನಗೆ ಕೇಳತ್ತೆ. ಅರ್ಧ ಆಟದಿಂದ ಕೇಳಿಸಿಕೊಂಡೇ ಗೆದ್ದಿದ್ದೇವೆ. ಈಗಷ್ಟೇ ನೀವು, ಕೆಳಗಿನ ಮನೇಲಿ ಮೊಳೆ ಹೊಡೀತಿದಾರೆ, ಭಾನುವಾರಾನೂ ಬಿಡಲ್ಲ ಅಂದ್ರಿ. ಮೊಳೆ ಅಲ್ಲ. ಗುದ್ದಿದ್ದು ನಾನು. ಮಾಸ್ತರು ಅಡುಗೆಮನೆಯಲ್ಲಿ ಬಿದ್ದಿದ್ದಾರೆ. ಕೂಗಿ ಕೂಗಿ ಸುಮ್ಮನಾಗಿದ್ದಾರೆ. ಎದ್ದು ಹೋಗಿ. ನಿಮ್ಮ ಕಾಲಿಗೆ ಬೀಳ್ತೀನಿ."

ಕಳಿಸಿಬಿಟ್ಟು ಛಾವಣಿ ನೋಡುತ್ತಾ ನಿಂತಳು.

ಮೇಲೆ ಕುರ್ಚಿ ಹಿಂದಕ್ಕೆ ಜರುಗಿ ಬಿತ್ತು. ಬರಿಗಾಲಿನ ಹೆಜ್ಜೆಗಳು ದಡದಡ ಓಡಿದವು. ಆಮೇಲೆ ಒಂದು ಕೂಗು ಕೇಳಿತು. ಅದನ್ನು ಕೇಳಲು ಕಿಂಡಿ ಬೇಕಿರಲಿಲ್ಲ.

"ಅಪ್ಪಾ!"

ತೆರೆಯ ಮೇಲೆ ಸುತ್ತಿಗೆ ಏಣಿಯ ಬುಡದಲ್ಲಿ ಬಂದೂಕು ಹಿಡಿದು ಅಲುಗಾಡದೆ ನಿಂತಿದ್ದ. ಇವಳ ತಂಡದ ಒಬ್ಬ ಮೂಲೆ ತಿರುಗಿ ಬಂದು ಅವನ ತಲೆಗೆ ಗುಂಡು ಹಾರಿಸಿದ. "ಹೊಡೆದೆ! ಸುತ್ತಿಗೆನ ಹೊಡೆದೆ!" ಎಂದು ಕಿರುಚಿದ. ಅವನೊಬ್ಬ ಓದಿರಲಿಲ್ಲವೋ ಏನೋ. ತೀರ್ಪುಗಾರರು ಪಂದ್ಯ ನಿಲ್ಲಿಸಿದರು.

ಅವಳು ಮೇಲೆ ಹೋದಾಗ ಬಾಗಿಲು ತೆರೆದಿತ್ತು. ಮಾಸ್ತರು ಅಡುಗೆಮನೆಯ ಕಲ್ಲುಹಾಸಿನ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದರು. ಒಂದು ಕಾಲು ಇರಬಾರದ ಕಡೆಗೆ ತಿರುಗಿತ್ತು. ಕಿವಿಯ ಮೇಲಿಂದ ರಕ್ತ ಇಳಿದು ಕಾಲರಿಗೆ ಹತ್ತಿತ್ತು. ಕೈಯಲ್ಲಿ ಒಂದು ಸ್ಟೀಲ್ ಚಮಚ ಹಾಗೇ ಇತ್ತು. ಮಗ ಅಪ್ಪನ ತಲೆ ಎತ್ತಲು ಹೋದ.

"ಎತ್ತಬೇಡಿ, ಹಾಗೇ ಬಿಡಿ," ಎಂದಳು. "ಆಂಬ್ಯುಲೆನ್ಸ್ ಬರ್ತಿದೆ. ಬಟ್ಟೆ ಕೊಡಿ, ರಕ್ತಕ್ಕೆ ಒತ್ತಿ ಹಿಡೀತೀನಿ."

"ಉಸಿರಾಡ್ತಿದಾರಾ? ನೋಡಿ, ನಂಗೆ ಗೊತ್ತಾಗ್ತಿಲ್ಲ, ನೀವೇ ನೋಡಿ."

ಅವಳು ಮೂಗಿನ ಹತ್ತಿರ ಕಿವಿ ತಂದಳು. "ಆಡ್ತಿದಾರೆ," ಎಂದಳು.

ಆಸ್ಪತ್ರೆಯಲ್ಲಿ ಸೊಂಟದ ಮೂಳೆ ಮುರಿದಿದೆ, ತಲೆಯೊಳಗೆ ರಕ್ತ ಸೋರಿದೆ ಎಂದರು. ತಲೆಗೆ ಅಂದೇ ಆಪರೇಷನ್. ಮಗ ಚಪ್ಪಲಿಯಿಲ್ಲದೆ ಬಂದಿದ್ದ. ಕಾರಿಡಾರಿನ ಬೆಂಚಿನ ಮೇಲೆ ಪಾದ ಮೇಲಕ್ಕೆಳೆದುಕೊಂಡು ಕೂತಿದ್ದ. ಸಂಜೆಯಾಗುತ್ತಿತ್ತು. ಅವಳ ಕಡೆ ತಿರುಗದೆಯೇ ಕೇಳಿದ.

"ಬಿದ್ದ ಸದ್ದು ನಿಮಗೆ ಯಾವಾಗ ಕೇಳ್ತು?"

ಸುಳ್ಳು ಹೇಳಿದರೆ ಹಿಡಿಯುವವರು ಯಾರೂ ಇರಲಿಲ್ಲ.

"ಇಪ್ಪತ್ತೆರಡನೇ ರೌಂಡಿನ ಶುರುವಿಗೆ. ಅವರು ನಿಮ್ಮನ್ನ ಕೂಗಿದ್ದೂ ಕೇಳ್ತು, ಎರಡು ಸಲ. ನಾನು ಆ ರೌಂಡು ಆಡಿ ಮುಗಿಸಿದೆ. ಆಮೇಲೆ ಎದ್ದೆ."

ಅವನು ಅವಳನ್ನು ನೋಡಿದ. ಹೊಡೆಯುತ್ತಾನೆ ಎಂದೇ ಅವಳು ತಿಳಿದಳು. ಹೊಡೆದರೆ ಹೊಡೆಯಲಿ ಎಂದೂ ಅನ್ನಿಸಿತು. ಅವನು ಮತ್ತೆ ನೆಲ ನೋಡತೊಡಗಿದ.

"ನಮ್ ಅಡುಗೆಮನೆಗೂ ನನ್ ಕುರ್ಚಿಗೂ ಹನ್ನೆರಡು ಹೆಜ್ಜೆ," ಎಂದ. "ನಾನು ಅಲ್ಲೇ ಇದ್ದೆ."



ಪಂದ್ಯಾವಳಿಯಿಂದ ಅವಳ ತಂಡವನ್ನು ಹೊರಹಾಕಿದರು. ಅವಳನ್ನು ಎರಡು ವರ್ಷ ಆಡದಂತೆ ತಡೆದರು. ಸುತ್ತಿಗೆಯ ತಂಡಕ್ಕೆ ಫೈನಲ್ ಸಿಕ್ಕಿತು. ಅವನು ಹೋಗಲಿಲ್ಲ, ಬದಲಿ ಆಟಗಾರ ಹೋದ. ನಾಯಕ ಅವಳಿಗೆ ಒಂದು ಸಂದೇಶ ಕಳಿಸಿದ. "ನೀನು ಕೇಳಿಸ್ಕೊಂಡು ಹೇಳ್ತಿದ್ದೀಯ ಅಂತ ನಮಗೆ ಗೊತ್ತಿದ್ರೆ ಬೇಡ ಅಂತಿದ್ವಿ ಅಕ್ಕ. ನಮ್ ನಾಲ್ಕು ಜನರ ಹೆಸರೂ ಹೋಯ್ತು." ಅವಳು ಕ್ಷಮಿಸು ಎಂದು ಬರೆದಳು. ಅದನ್ನು ಅವನು ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಇಂದಿಗೂ ಬಂದಿಲ್ಲ.

ಸೋಮವಾರ ಬೆಳಿಗ್ಗೆ ಅಕ್ಕನ ಜೊತೆ ಲಾಂಡ್ರಿಗೆ ಹೋದಳು. ಅಕ್ಕ ಅವಳನ್ನು ಹಬೆಯ ಮುಂದೆ ನಿಲ್ಲಿಸಿ, "ಅಂಚು ಹಿಡ್ಕೋ, ಎಳೀಬೇಡ," ಎಂದು ಮಾತ್ರ ಹೇಳಿಕೊಟ್ಟಳು.

ಮಾಸ್ತರಿಗೆ ಎಂಟನೇ ದಿನ ಪೂರ್ತಿ ಎಚ್ಚರ ಬಂತು. ಆದರೆ ಬಲಗೈ ಏಳುತ್ತಿರಲಿಲ್ಲ. ಬೆರಳುಗಳು ಹಾಸಿಗೆಯ ಮೇಲೆ ಇಟ್ಟ ಹಾಗೇ ಇರುತ್ತಿದ್ದವು. ಇನ್ನೂ ಬೇಗ ತಂದಿದ್ದರೆ ಕೈ ಉಳಿಯುತ್ತಿತ್ತೇ ಎಂದು ಮಗ ಡಾಕ್ಟರನ್ನು ಕೇಳಿದ. ಹೇಳಲಾಗದು ಎಂದರು. ಆ ಮಾತನ್ನು ಅವನು ಅವಳಿಗೆ ತಾನಾಗಿಯೇ ತಿಳಿಸಿದ, ಸಿಟ್ಟಿಲ್ಲದೆ. ಸಿಟ್ಟಿದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಒಂಬತ್ತನೇ ದಿನ ಕೆಲಸ ಮುಗಿಸಿ ಅವಳು ವಾರ್ಡಿಗೆ ಹೋದಾಗ ಅವನು, "ಔಷಧಿ ತರೋಕೆ ಹೋಗ್ಬೇಕು, ಸ್ವಲ್ಪ ಕೂತಿರ್ತೀರಾ?" ಎಂದ. ಅವಳು ಸ್ಟೂಲ್ ಎಳೆದುಕೊಂಡು ಕೂತಳು. ಮಾಸ್ತರು ಕಣ್ಣು ತೆರೆದು ಅವಳನ್ನು ಗುರುತಿಸಲು ಪ್ರಯತ್ನಪಟ್ಟರು.

"ಯಾರಮ್ಮ?"

"ಕೆಳಗಿನ ಮನೆಯವಳು ಮಾಸ್ತರೇ."

ಅವರು ಏನನ್ನೋ ಯೋಚಿಸಿದರು. ನಾಲಿಗೆ ದಪ್ಪವಾಗಿತ್ತು, ಒಂದೊಂದೇ ಪದ ಎತ್ತಿಟ್ಟಂತೆ ಮಾತಾಡಿದರು.

"ಅವತ್ತು... ತುಂಬಾ ಸದ್ದು ಮಾಡಿದೆ ನಾನು. ನಿಮಗೆ... ತೊಂದರೆ ಆಯ್ತೇನೋ."

"ಇಲ್ಲ," ಎಂದಳು. "ಇಲ್ಲ ಮಾಸ್ತರೇ." ಅವರ ಬಲಗೈಯನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡು, ನರ್ಸ್ ತೋರಿಸಿಕೊಟ್ಟಿದ್ದಂತೆ ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ಮಡಿಸಿ ಬಿಡಿಸತೊಡಗಿದಳು. ದಿನಕ್ಕೆ ಐವತ್ತು ಸಲ ಮಾಡಬೇಕೆಂದಿದ್ದರು.